ಚಪ್ಪಡಿಯ ಮುಂದೆ ಚಿಮುಕಿಸಿದ ನೀರು

ಈ ಅಧ್ಯಾಯದ ಘಟನೆ ನಡೆದ ಇಸವಿಯನ್ನು ನಾನು ಖಚಿತವಾಗಿ ಹೇಳಲಾರೆ. ಅನ್ಯರ ಲೇಖನಗಳಲ್ಲಿನ ತೇದಿಗಳನ್ನು ತಿದ್ದುತ್ತಲೇ ಸೇವೆಯಿಂದ ನಿವೃತ್ತಳಾದವಳು ಹೀಗೆ ಬರೆಯಬೇಕಾಗಿ ಬಂದದ್ದು ನನಗೇ ಸಹ್ಯವಲ್ಲ. ಉಳಿದಿರುವ ಮುಖ್ಯ ದಾಖಲೆ ಒಂದೇ: ಊರಿನ ಶಾಲೆಯಲ್ಲಿದ್ದಾಗ ನಾನೇ ಪೆನ್ಸಿಲಿನಲ್ಲಿ ಬರೆದ ಒಂದು ನೋಟುಬುಕ್ಕು. ಅದರಲ್ಲಿ ‘ಫಾಲ್ಗುಣ ಬಹುಳ ತದಿಗೆ, ಶನಿವಾರ’ ಎಂದಷ್ಟೇ ಇದೆ. ಹಳೆಯ ಪಂಚಾಂಗಗಳನ್ನು ತಾಳೆ ನೋಡಿದರೆ ಎರಡು ವರ್ಷಗಳು ಇದಕ್ಕೆ ಹೊಂದುತ್ತವೆ. ಬೈಲಕುಪ್ಪೆಗೆ ಟಿಬೆಟ್ಟಿನವರು ಬಂದ ಮೇಲೆ ಎಂದು ಅಮ್ಮ ಕೊನೆಯತನಕ ಹೇಳುತ್ತಿದ್ದಳು. ಅವರು ಬರುವುದಕ್ಕೆ ಮುಂಚೆ ಎಂದು ಚಿಕ್ಕಪ್ಪ. ಶಾಲೆಯ ಹಾಜರಿ ಪುಸ್ತಕವನ್ನೂ ಹೋಗಿ ನೋಡಿದೆ. ಎರಡು ವರ್ಷಗಳಲ್ಲಿಯೂ ಆ ಶನಿವಾರ ನಾನು ತರಗತಿಯಲ್ಲಿ ಹಾಜರಿದ್ದೆನೆಂದೇ ಇದೆ. ಹಾಜರಿ ಹಾಕಿದವರು ಅಪ್ಪ. ಆ ದಿನ ಅವರೂ ನಾನೂ ಶಾಲೆಯಲ್ಲಿರಲಿಲ್ಲ, ಹಳ್ಳದ ಮರಳಿನಲ್ಲಿ ನಿಂತಿದ್ದೆವು. ಅಂದರೆ ದಾಖಲೆಗಳ ಪ್ರಕಾರ ನಾನು ಈ ಘಟನೆಯ ಸಾಕ್ಷಿಯೇ ಅಲ್ಲ. ಹಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮ ಊರು ಕೃಷ್ಣರಾಜನಗರ ತಾಲ್ಲೂಕಿನಲ್ಲಿ, ಕಾಲುವೆಯ ದಂಡೆಗೆ. ಮನೆ ಮೂರು ಅಂಕಣದ್ದು. ಮುಂದಿನ ಕೋಣೆಯನ್ನು ಕಾಲುವೆ ಕೆಲಸಕ್ಕೆ ಮೈಸೂರಿನಿಂದ ಬಂದಿದ್ದ ಓವರ್ಸೀಯರ್ ಶಂಕರಪ್ಪನವರಿಗೆ ಬಿಟ್ಟುಕೊಟ್ಟಿದ್ದರು. ನಡುಮನೆಯಲ್ಲಿ ಗಂಡಸರ ಊಟ. ಅಡುಗೆಮನೆಯ ಹೊಸ್ತಿಲಿನಿಂದಾಚೆ ಹೆಂಗಸರದು, ಅದೂ ಎಲ್ಲರದೂ ಆದ ಮೇಲೆ. ಹೆಣ್ಣುಮಗಳಾಗಿಯೂ ನನಗೆ ಮಾತ್ರ ನಡುಮನೆಯಲ್ಲಿ, ಅಪ್ಪನ ಎಡಗಡೆಗೆ, ಒಂದು ಮಣೆ ಇತ್ತು. ಅಪ್ಪ ಊರಿನ ಶಾಲೆಯ ಮೇಷ್ಟ್ರು. ಊಟದ ಹೊತ್ತಿನಲ್ಲಿ ಅವರು ತಂದ ಪುಸ್ತಕವನ್ನು ಗಟ್ಟಿಯಾಗಿ ಓದುವುದು, ಅವರು ಹೇಳಿದ್ದನ್ನು ನೋಟುಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ಆ ಮಣೆಯನ್ನು ನಾನು ಬಹುಕಾಲ ಪ್ರೀತಿಯೆಂದು ತಿಳಿದಿದ್ದೆ. ಅದೊಂದು ನೇಮಕಾತಿಯಾಗಿತ್ತು.

ನಿಂಗತ್ತೆ ಅಪ್ಪನ ಅಕ್ಕ. ಸರಗೂರಿನ ಕಡೆಗೆ ಮದುವೆಯಾಗಿ ಹೋಗಿ, ಮಕ್ಕಳಿಲ್ಲದೆ, ಗಂಡ ಸತ್ತ ಮೇಲೆ ತವರಿಗೆ ಮರಳಿದವಳು. ಎತ್ತು, ಎಮ್ಮೆ, ಬಿತ್ತನೆ, ಕಣ ಎಲ್ಲವೂ ಅವಳ ಮೇಲೆ ನಡೆಯುತ್ತಿದ್ದವು. ಅಪ್ಪನಿಗೆ ಹೊಲದ ಮೂಲೆ ಯಾವುದು ಎಂಬುದೂ ಸರಿಯಾಗಿ ತಿಳಿದಿರಲಿಲ್ಲ. ತಾತ ಹಾಸಿಗೆ ಹಿಡಿದಿದ್ದಾಗ, ಕಾಲುವೆಯಾಚೆ ಹಳ್ಳದ ಪಕ್ಕದ ಹತ್ತು ಗುಂಟೆ ನಿಂಗಿಗೆ ಎಂದು ಬಾಯಲ್ಲಿ ಹೇಳಿ ಸತ್ತಿದ್ದ. ಕಾಗದವಾಗಿರಲಿಲ್ಲ. ಅತ್ತೆ ಅದರಲ್ಲಿ ರಾಗಿ, ಸಾಲಿನ ನಡುವೆ ಅವರೆ ಬೆಳೆಯುತ್ತಿದ್ದಳು. ಕಾಲುವೆಗೆ ಅಲ್ಲಿ ದಾಟುವ ದಾರಿಯಿರಲಿಲ್ಲ. ತೂಬಿನ ತನಕ ಸುತ್ತು ಹಾಕಿ, ಹೊರೆಯನ್ನು ತಲೆಯ ಮೇಲೆಯೇ ತರಬೇಕಿತ್ತು. ಅವಳಿಗೆ ಬೇಕಾಗಿದ್ದದ್ದು ಎರಡು: ಕಾಲುವೆಯ ಮೇಲೆ ಒಂದು ಕಲ್ಲುಚಪ್ಪಡಿ, ಆ ಹತ್ತು ಗುಂಟೆಗೆ ತನ್ನ ಹೆಸರಿನ ಕಾಗದ. ಚಪ್ಪಡಿಯನ್ನು ಕಲ್ಲು ಒಡೆಯುವವರು ಹಳ್ಳದಾಚೆಯ ಅರೆಯಲ್ಲಿ, ಅಂದರೆ ಹಾಸುಬಂಡೆಯಲ್ಲಿ, ಸೀಳಿ ಕೊಟ್ಟು ಹೋಗಿದ್ದರು. ಅದನ್ನು ತರುವುದು ಹೇಗೆ ಎಂಬುದೇ ಆ ಬೇಸಿಗೆಯ ಪ್ರಶ್ನೆ. ನಮ್ಮ ನಡುಮನೆಗೆ ಈಜಿಪ್ಟು ಬಂದದ್ದು ಆ ಚಪ್ಪಡಿಯ ದೆಸೆಯಿಂದ.

ಅಪ್ಪ ಮೈಸೂರಿನಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದಿದ್ದರು. ಅದರಲ್ಲಿ ಒಂದು ಚಿತ್ರವಿತ್ತು: ಮರದ ಜಾರುಬಂಡಿಯ ಮೇಲೆ ಕುಳಿತ ಬೃಹತ್ ವಿಗ್ರಹ, ಹಗ್ಗ ಹಿಡಿದು ಸಾಲುಸಾಲಾಗಿ ಎಳೆಯುವ ಜನ, ವಿಗ್ರಹದ ಪಾದದ ಬಳಿ ನಿಂತು ಬಂಡಿಯ ಮುಂದಕ್ಕೆ ಗಡಿಗೆಯಿಂದ ನೀರು ಸುರಿಯುತ್ತಿರುವ ಒಬ್ಬ. ಈಗ ಬಲ್ಲೆ: ಅದು ಪಿರಮಿಡ್ಡಿನ ಚಿತ್ರವಲ್ಲ. ದೊಡ್ಡ ಪಿರಮಿಡ್ಡುಗಳು ಕಟ್ಟಿ ಮುಗಿದು ಶತಮಾನಗಳು ಕಳೆದ ಮೇಲೆ ಒಬ್ಬ ಅಧಿಕಾರಿಯ ಸಮಾಧಿಯಲ್ಲಿ ಬಿಡಿಸಿದ್ದು. ಅಪ್ಪನಿಗೆ ಆ ಭೇದ ಮುಖ್ಯವಾಗಿರಲಿಲ್ಲ. ಪಿರಮಿಡ್ಡಿನ ಕಲ್ಲು ಸಾಗಿಸಿದ್ದು ಹೇಗೆಂದರೆ ಲಕ್ಷ ಗುಲಾಮರು, ಬಾರುಕೋಲು, ಇಳಿಜಾರು ದಿಬ್ಬ ಎಂಬುದು ಅವರ ವಾದ. ಶಂಕರಪ್ಪನವರದು ಉರುಳುದಿಮ್ಮಿಯ ವಾದ: ಕಲ್ಲಿನ ಕೆಳಗೆ ದುಂಡನೆಯ ಮರದ ತುಂಡುಗಳನ್ನಿಟ್ಟು ಉರುಳಿಸಿಕೊಂಡು ಹೋಗುವುದು. ಮುದ್ದೆ ತಣ್ಣಗಾದರೂ ವಾದ ಆರುತ್ತಿರಲಿಲ್ಲ. ಒಂದು ಸಂಜೆ, ಉಪ್ಪೆಸರು ಬಡಿಸಲು ಬಂದ ಅತ್ತೆ ಸೌಟು ಹಿಡಿದುಕೊಂಡೇ ನನ್ನ ಹೆಗಲ ಮೇಲಿನಿಂದ ಬಗ್ಗಿ ಚಿತ್ರವನ್ನು ನೋಡಿದಳು.

“ಇವ್ನ್ಯಾರು ಕೂಸೇ, ಗಡಿಗೆ ಇಡ್ಕಂಡು ನಿಂತವ್ನಲ್ಲ?”

“ಪೂಜಾರಿ ಕಣಕ್ಕ,” ಎಂದರು ಅಪ್ಪ, “ವಿಗ್ರಹಕ್ಕೆ ಅಭಿಷೇಕ ಮಾಡ್ತಿದ್ದಾನೆ. ಪುಸ್ತಕದಲ್ಲೇ ಬರೆದಿದೆ, ಧಾರ್ಮಿಕ ವಿಧಿ ಅಂತ.”

“ದ್ಯಾವ್ರ ತಲೆ ಮ್ಯಾಲೆ ಉಯ್ಯಕಿಲ್ವಾ ಅಭಿಷೇಕವ? ಇವ್ನು ನೆಲಕ್ ಉಯ್ತಾವ್ನೆ. ಜಾರ್ಲಿ ಅಂತ ಕಣಪ್ಪ. ನಮ್ಮ ಸರಗೂರ್ ತಾವ ಹೊಳೆ ಮರ್ಳಲ್ಲಿ ಮರ ಎಳ್ಯಾವಾಗ ಇಂಗೇ ಒಬ್ಬ ಮುಂದ್ ಮುಂದಕ್ಕೆ ನೀರ್ ಚಿಮುಕ್ಸ್ತಾ ಓಗನು.”

ಶಂಕರಪ್ಪನವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡರು.

“ನಿಂಗಮ್ಮನೋರೇ, ನೀರು ಹಾಕಿದ್ರೆ ಕೆಸರಾಗತ್ತೆ. ಕೆಸರಲ್ಲಿ ಗಾಡಿ ಹೂತುಕೊಳ್ಳತ್ತೋ ಓಡತ್ತೋ? ಪಿರಮಿಡ್ಡು ಕಟ್ಟಿದೋರೇನು ಗದ್ದೆ ನಾಟಿ ಮಾಡ್ತಿದ್ರಾ?”

“ಕೆಸ್ರು ಮಾಡು ಅಂತ ಯಾರಂದ್ರು ಸ್ವಾಮಿ? ಹದ ಮಾಡ್ಬೇಕು. ರೊಟ್ಟಿ ಹಿಟ್ಟು ಕಲ್ಸಾಕೆ ಎಷ್ಟ್ ನೀರು ಅಂತ ನಿಮ್ಮ ಮನೇಲಿ ಅಮ್ಮಾವ್ರ ಕೇಳಿ.”

ಅಡುಗೆಮನೆಯಲ್ಲಿ ಅಮ್ಮ ಕಿಸಕ್ಕನೆ ನಕ್ಕಳು. ಆ ನಗುವೇ ಅನಾಹುತಕ್ಕೆ ಕಾರಣವಾಯಿತೆಂದು ನನಗೆ ಈಗಲೂ ಅನ್ನಿಸುತ್ತದೆ. ಅತಿಥಿಯ ಎದುರು, ಹೆಂಗಸರ ನಗುವಿನ ನಡುವೆ, ಪುಸ್ತಕ ಓದಿದ ತಾನು ಸೋತೆನೆಂಬುದನ್ನು ಅಪ್ಪನಿಗೆ ತಾಳಲಾಗಲಿಲ್ಲ.

“ಆಯ್ತಕ್ಕ. ನಿನ್ನ ನೀರಿಂದ ಆ ಚಪ್ಪಡಿ ಹಳ್ಳ ದಾಟ್ಲಿ, ಕಾಲುವೆ ಆಚೆ ಹೊಲ ನಿನ್ನ ಹೆಸರಿಗೇ ಬರೆಸ್ತೀನಿ. ಶಂಕರಪ್ಪನೋರೇ ಸಾಕ್ಷಿ. ನಮ್ಮ ಪುಟ್ಟಿ ನಡೆದದ್ದನ್ನ ನಡೆದ ಹಾಗೆ ಬರೀತಾಳೆ. ಅವಳು ಬರೆದದ್ದೇ ಪ್ರಮಾಣ.”

ಅತ್ತೆ ನಗಲಿಲ್ಲ. ಸೌಟನ್ನು ಪಾತ್ರೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನ ನೋಟುಬುಕ್ಕಿನ ಮೇಲೆ ಒಮ್ಮೆ ಅಂಗೈ ಇಟ್ಟಳು. ಅಕ್ಷರ ಬಾರದ ಅವಳಿಗೆ ಬರೆದದ್ದು ಎಂದರೆ ದೇವರ ಮುಂದೆ ಹಚ್ಚಿದ ದೀಪದ ಹಾಗೆ. ಅದರೆದುರು ಯಾರೂ ಸುಳ್ಳಾಡುವುದಿಲ್ಲವೆಂದು ನಂಬಿದ್ದಳು.

ಕಾಲುವೆಗೆ ನೀರು ನಿಲ್ಲಿಸಿದ ವಾರದಲ್ಲಿ ಕೆಲಸ ಶುರುವಾಯಿತು. ಮೊದಲ ಎರಡು ದಿನ ಶಂಕರಪ್ಪನವರ ಕೈಯಲ್ಲಿ ಯಜಮಾನಿಕೆ. ಊರಿನ ಹನ್ನೆರಡು ಜನ ಹಾರೆಯಿಂದ ಮೀಟಿ, ನೀಲಗಿರಿ ದಿಮ್ಮಿಗಳ ಮೇಲೆ ಚಪ್ಪಡಿಯನ್ನು ಉರುಳಿಸಿದರು. ಅರೆಯ ಗಟ್ಟಿ ನೆಲದ ಮೇಲೆ ಅದು ಚೆನ್ನಾಗಿಯೇ ಬಂತು. ಇದನ್ನು ನಾನು ಮರೆಮಾಚುವುದಿಲ್ಲ. ಹಳ್ಳಕ್ಕೆ ಇಳಿದೊಡನೆ ದಿಮ್ಮಿಗಳು ಒಣ ಮರಳಿನಲ್ಲಿ ಹೂತುಹೋದವು. ಒಂದನ್ನು ಕಿತ್ತರೆ ಮತ್ತೊಂದು ಮುಳುಗುತ್ತಿತ್ತು. ಎರಡನೆಯ ದಿನ ಪೂರ್ತಿ ಎಳೆದರೂ ಕಲ್ಲು ಒಂದು ಮಾರು ದೂರವೂ ಕದಲಲಿಲ್ಲ. ಶಂಕರಪ್ಪನವರು ಮೈಸೂರಿನಿಂದ ಸರಪಳಿ ತರಿಸುತ್ತೇನೆಂದು ಹೇಳಿ ನೆರಳಿಗೆ ಹೋಗಿ ಕುಳಿತರು.

ಮೂರನೆಯ ದಿನ ಶನಿವಾರ. ಅತ್ತೆ ಬೆಳಗ್ಗೆಯೇ ಹಳ್ಳದಲ್ಲಿ ಮರಳು ತೋಡಿ ಒರತೆ ಮಾಡಿದ್ದಳು. ಒಂದು ಮೊಳ ಆಳಕ್ಕೆ ನೀರು ಒಸರಿತ್ತು. ಕವಲೊಡೆದ ಹುಣಸೆಮರದ ಬುಡವೊಂದನ್ನು ತರಿಸಿ, ಚಪ್ಪಡಿಯನ್ನು ಮೀಟಿ ಜಾರುಬಂಡಿಯಂತೆ ಅದರ ಮೇಲೆ ಕೂರಿಸಿದಳು. ಕೆಲಸಕ್ಕೆ ಮುಂಚೆ ಕಲ್ಲಿಗೊಂದು ಬೊಟ್ಟು ಕುಂಕುಮ ಇಟ್ಟಳು. ಇದೂ ನಿಜ. ಎತ್ತಿಗೂ ಇಡುತ್ತಿದ್ದಳು, ಕುಡುಗೋಲಿಗೂ ಇಡುತ್ತಿದ್ದಳು, ಪರೀಕ್ಷೆಗೆ ಹೋಗುವ ದಿನ ನನ್ನ ಪೆನ್ಸಿಲಿಗೂ ಇಡುತ್ತಿದ್ದಳು. ಆಮೇಲೆ ಗಡಿಗೆಯನ್ನು ಸೊಂಟಕ್ಕಿಟ್ಟು, ಬೇವಿನ ಸೊಪ್ಪಿನ ಕಂತೆಯನ್ನು ಅದ್ದಿ ಅದ್ದಿ, ಕಲ್ಲು ಬರುವ ದಾರಿಯುದ್ದಕ್ಕೂ ನೀರು ಚಿಮುಕಿಸತೊಡಗಿದಳು. ಎರಡು ಹೆಜ್ಜೆಗೊಮ್ಮೆ ಬರಿಗಾಲನ್ನು ಊರಿ ನೋಡುತ್ತಿದ್ದಳು.

“ನೋಡ್ಕ ಕೂಸೇ, ಬರ್ಕ. ಹಿಮ್ಮಡಿ ಊರುದ್ರೆ ಗುರ್ತು ಬೀಳ್ಬೇಕು, ಕಾಲು ಹೂತ್ಕಬಾರ್ದು. ಅಷ್ಟೇ ಹದ.”

ಹಗ್ಗ ಹಿಡಿದವರಲ್ಲಿ ಮುಂದಿದ್ದ ಮಾರಿಗೌಡ ಕೂಗಿದ:

“ನಿಂಗವ್ವಾ, ಕಲ್ಗೆ ನೀರ್ ಕುಡುಸ್ದಂಗಾಯ್ತು, ವಸಿ ಹುಲ್ಲೂ ಆಕ್ಬುಡು! ಆಮೇಲೆ ಕೊಳ್ಗೆ ಗಂಟೆ ಕಟ್ಟಾನ.”

“ನೀನ್ ಎಳ್ಯಲಾ ಮೊದ್ಲು. ಎರಡ್ ದಿನ್ದಿಂದ ಎಳ್ದು ಎಳ್ದು ಹಗ್ಗನೇ ಉದ್ದ ಮಾಡಿದ್ದೀರಿ.”

ಎಳೆದರು. ಹಿಂದಿನ ದಿನದ ಅದೇ ಹನ್ನೆರಡು ಜನ. ಮೊದಲ ಎಳೆತಕ್ಕೇ ಕಲ್ಲು ಕದಲಿದ ರಭಸಕ್ಕೆ ಮಾರಿಗೌಡ ಮುಗ್ಗರಿಸಿ ಬಿದ್ದ. ಆಮೇಲೆ ಅದು ನಿಲ್ಲಲೇ ಇಲ್ಲ. ಕರಕರ ಉಜ್ಜುತ್ತಿದ್ದ ಮರಳಿನ ಸದ್ದು ಅಡಗಿ, ಒದ್ದೆ ಬಟ್ಟೆ ಎಳೆದಂಥ ಮೆತ್ತನೆಯ ಸದ್ದು ಬರತೊಡಗಿತು. ನಾನು ಗಡಿಗೆಗೊಂದರಂತೆ ಬೆಣಚುಕಲ್ಲು ಆಯ್ದಿಟ್ಟು, ಹಳ್ಳ ದಾಟುವ ಹೊತ್ತಿಗೆ ಎಷ್ಟಾದವೆಂದು ಲೆಕ್ಕ ಬರೆದುಕೊಂಡೆ. ಮಧ್ಯಾಹ್ನದ ಊಟದ ಹೊತ್ತಿಗೆ ಚಪ್ಪಡಿ ಕಾಲುವೆಯ ಮೇಲೆ ಅಡ್ಡ ಕುಳಿತಿತ್ತು. ಅತ್ತೆ ಅದರ ನಡುವೆ ನಿಂತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದಳು. ಅವಸರವಿಲ್ಲದೆ, ತನ್ನ ಮನೆಯೊಳಗೆ ಓಡಾಡುವವಳಂತೆ.

ಅಲ್ಲಿಯೇ, ದಂಡೆಯ ಮೇಲೆ ಕುಳಿತು ನಾನು ಬರೆದ ವಾಕ್ಯ ಇದು: ‘ಅತ್ತೆ ನೀರು ಚಿಮುಕಿಸಿದ ಮೇಲೆ ಕಲ್ಲು ಜಾರಿತು.’ ಸಂಜೆ ಅಪ್ಪ ನೋಟುಬುಕ್ಕು ತೆಗೆಸಿ ನೋಡಿದರು. ಶಂಕರಪ್ಪನವರು ಜಗಲಿಯಲ್ಲಿ ಬೀಡಿ ಸೇದುತ್ತಿದ್ದರು. ಅಪ್ಪ ಗದರಲಿಲ್ಲ. ಗದರಿದ್ದರೆ ನಾನು ಬಹುಶಃ ಅತ್ತು, ಆ ಅಳುವಿನಲ್ಲಿಯೇ ನಿಜವನ್ನು ಉಳಿಸಿಕೊಳ್ಳುತ್ತಿದ್ದೆ. ಅವರು ಮೇಷ್ಟ್ರಾಗಿ ಮಾತಾಡಿದರು.

“ಕಂಡದ್ದನ್ನೆಲ್ಲ ಬರೆಯೋದು ಚರಿತ್ರೆ ಅಲ್ಲ ಪುಟ್ಟಿ. ಅರ್ಥ ಮಾಡ್ಕೊಂಡು ಬರೀಬೇಕು. ಅತ್ತೆ ಕುಂಕುಮ ಇಟ್ಟರೋ ಇಲ್ವೋ? ಇಟ್ಟರು. ನೀರೆರೆದರೋ ಇಲ್ವೋ? ಎರೆದರು. ಎರಡನ್ನೂ ಸೇರಿಸಿದ್ರೆ ಏನಾಯ್ತು? ಪೂಜೆ. ಕಲ್ಲು ಬಂದದ್ದು ದಿಮ್ಮಿಯಿಂದ ಅಲ್ವಾ, ಅರೆಯಿಂದ ಹಳ್ಳದ ತನಕ? ಬರಿ: ‘ಉರುಳುದಿಮ್ಮಿಗಳ ಸಹಾಯದಿಂದ ಕಲ್ಲನ್ನು ಸಾಗಿಸಲಾಯಿತು. ಅತ್ತೆಯವರು ಪೂಜಾರ್ಥವಾಗಿ ನೀರೆರೆದರು.’ ದೊಡ್ಡ ದೊಡ್ಡ ವಿದ್ವಾಂಸರೇ ಹಾಗೆ ಬರೆದಿದ್ದಾರೆ, ನೋಡು.”

ಚಿತ್ರವಿದ್ದ ಪುಟವನ್ನು ತೆರೆದು ನನ್ನ ಮುಂದಿಟ್ಟರು. ನಾನು ರಬ್ಬರಿನಿಂದ ಉಜ್ಜಿದೆ, ಹೇಳಿದಂತೆ ಬರೆದೆ. ಗಡಿಗೆಗಳ ಲೆಕ್ಕವನ್ನೂ ಉಜ್ಜಿದೆ. ‘ಪೂಜಾರ್ಥವಾಗಿ’ ಎಂಬ ದೊಡ್ಡ ಮಾತು ನನ್ನ ಕೈಯಿಂದ ಬಂದದ್ದಕ್ಕೆ ಒಳಗೊಳಗೇ ಹೆಮ್ಮೆಯಾಯಿತು. ಈ ಹೆಮ್ಮೆಯನ್ನು ಬರೆಯದೆ ಬಿಟ್ಟರೆ ಈ ಅಧ್ಯಾಯವೂ ಆ ಪುಟದ ಹಾಗೆಯೇ ಆಗುತ್ತದೆ.

ಮಾರನೆಯ ದಿನ ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುತ್ತಿದ್ದ ಅತ್ತೆ ನನ್ನನ್ನು ಕೂಗಿದಳು.

“ಏನ್ ಬರ್ದಿದ್ದೀಯೇ ನನ್ನ ಮ್ಯಾಲೆ? ವಸಿ ಓದು, ಕೇಳಾನ.”

ನಾನು ನೋಟುಬುಕ್ಕನ್ನು ತೆರೆದು ಹಿಡಿದು, ಇದ್ದದ್ದನ್ನು ಬಿಟ್ಟು ಉಜ್ಜಿಹೋಗಿದ್ದನ್ನು ಓದಿದೆ: “ಅತ್ತೆ ನೀರು ಚಿಮುಕಿಸಿದ ಮೇಲೆ ಕಲ್ಲು ಜಾರಿತು.”

“ಇನ್ನೊಂದ್ಸಲ ಓದು.”

ಇನ್ನೊಂದು ಸಲ ಓದಿದೆ. ಅವಳು ಕೈ ತೊಳೆದು ಒಳಗೆ ಹೋಗಿ, ಹುರಿಹಿಟ್ಟಿಗೆ ಬೆಲ್ಲ ಕಲಸಿ ಉಂಡೆ ಮಾಡಿ ತಂದುಕೊಟ್ಟಳು. ನಾನು ತಿಂದೆ.

ಮುಂದಿನ ಸುಗ್ಗಿಯ ತನಕ ಅವಳು ಅದನ್ನು ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಹುಣಸೂರಿನ ಸಂತೆಯಲ್ಲಿ ಸಿಕ್ಕಿದ ನೆಂಟರ ಹತ್ತಿರ ಹೇಳಿಕೊಂಡು ತಿರುಗಿದಳು: ಬುಕ್ಕಿನಲ್ಲಿ ಬರೆದದೆ, ನಮ್ಮ ಕೂಸೇ ಬರೆದವಳೆ. ಆ ಸುಗ್ಗಿಯ ನಂತರ ಅಪ್ಪನಿಗೂ ಚಿಕ್ಕಪ್ಪನಿಗೂ ಆಸ್ತಿ ಪಾಲಾಯಿತು. ಊರಿನ ಹಿರಿಯರು ನಡುಮನೆಯಲ್ಲಿ ಕುಳಿತಿದ್ದರು. ಶಂಕರಪ್ಪನವರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹಳ್ಳದ ಹೊಲ ಯಾರ ಪಾಲಿಗೆ ಎಂಬ ಮಾತು ಬಂದಾಗ ಅತ್ತೆ ಬಡಿಸುವುದಕ್ಕಲ್ಲದೆ ಮೊದಲ ಬಾರಿಗೆ ಅಡುಗೆಮನೆಯ ಹೊಸ್ತಿಲು ದಾಟಿ ಬಂದು ಗಂಡಸರ ನಡುವೆ ನಿಂತಳು.

“ಅದ್ನ ಪಾಲ್ಗೆ ಆಕ್ಬ್ಯಾಡಿ ಕಣ್ರಪ್ಪ. ತಮ್ಮಯ್ಯ ಮಾತ್ ಕೊಟ್ಟವ್ನೆ. ನೀರಿಂದ ಕಲ್ಲು ಜಾರುದ್ರೆ ವಲ ನಿಂದು ಅಂದವ್ನೆ. ಜಾರ್ತೋ ಇಲ್ವೋ ಬುಕ್ಕೇ ಹೇಳ್ತದೆ. ತರ್ಸಿ, ಓದ್ಲಿ.”

ಹಗ್ಗ ಎಳೆದವರನ್ನು ಕರೆಸೋಣವೆಂದು ಒಬ್ಬರು ಹೇಳಿದಾಗ, ಪುಟ್ಟಿ ಬರೆದದ್ದೇ ಪ್ರಮಾಣವೆಂದು ಮಾತಾಗಿತ್ತು ಎಂದರು ಅಪ್ಪ. ನೋಟುಬುಕ್ಕು ಬಂತು. ಓದಿದ್ದು ಅಪ್ಪ, ನಿಧಾನವಾಗಿ, ತರಗತಿಯಲ್ಲಿ ಓದುವ ಹಾಗೆ. ‘ಪೂಜಾರ್ಥವಾಗಿ ನೀರೆರೆದರು’ ಎಂದು ಮುಗಿದಾಗ ಹಿರಿಯರಲ್ಲೊಬ್ಬರು, ಪೂಜೆ ಮಾಡಿದ್ದಕ್ಕೆ ದೇವರು ಒಳ್ಳೇದು ಮಾಡ್ತಾನೆ ಬುಡವ್ವ, ಎಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. ಅಪ್ಪನ ಕೈಯಿಂದ ಪುಸ್ತಕವನ್ನು ತೆಗೆದುಕೊಂಡು, ಆ ಪುಟದ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದಳು, ಬೀಜದ ರಾಗಿಯ ಕಾಳು ಜೊಳ್ಳೋ ಗಟ್ಟಿಯೋ ಎಂದು ನೋಡುವ ಹಾಗೆ. ಮೇಲಿನ ಸಾಲುಗಳ ಮೇಲೆ ಒಮ್ಮೆ, ಕೆಳಗಿನ ಸಾಲುಗಳ ಮೇಲೆ ಒಮ್ಮೆ.

“ಇಲ್ಲಿ ಕಾಗ್ದ ತೆಳ್ಳಗಾಗದೆ. ಇಲ್ಲಿ ಉಜ್ಜವ್ರೆ ಕಣ್ರಪ್ಪ.”

ದಾಖಲೆಗಳ ಪರೀಕ್ಷೆಯನ್ನು ನಾನು ಮುಂದೆ ದೊಡ್ಡ ಸಂಸ್ಥೆಗಳಲ್ಲಿ ಕಲಿತೆ, ಕಲಿಸಿದೆ. ಅದರ ಮೊದಲ ಪಾಠವನ್ನು ಮಾಡಿ ತೋರಿಸಿದವಳು ಅಕ್ಷರ ಬಾರದ ಹೆಂಗಸು. ಹಿರಿಯರು ನನ್ನ ಕಡೆ ತಿರುಗಿದರು.

“ಏನ್ ಉಜ್ಜಿದ್ದೆ ಮಗ? ಎದ್ರಬ್ಯಾಡ, ಹೇಳು.”

ಅಪ್ಪನೂ ನನ್ನನ್ನೇ ನೋಡುತ್ತಿದ್ದರು. ಅವರ ಎಡಗಡೆಯ ನನ್ನ ಮಣೆ ಗೋಡೆಗೆ ಒರಗಿಸಿತ್ತು.

“ಅಕ್ಷರ ಸೊಟ್ಟಗಾಗಿತ್ತು,” ಎಂದೆ, “ಅದಕ್ಕೆ ಉಜ್ಜಿ ಬರೆದೆ.”

ಅತ್ತೆ ಪುಸ್ತಕವನ್ನು ಮುಚ್ಚಿ ನನ್ನ ಕೈಗೆ ಕೊಟ್ಟಳು. ಹೊಲ ಅಪ್ಪನ ಪಾಲಿಗೆ ಬಂತು. ಆ ದಿನವೂ ಅಡುಗೆ ಅವಳದೇ. ಊಟಕ್ಕೆ ಎಲೆ ಹಾಕಿದ ಮೇಲೆ ನಡುಮನೆಯ ಬಾಗಿಲಿಗೆ ಬಂದು ನನ್ನನ್ನು ಕರೆದಳು.

“ಮುದ್ದೆ ಆಗದೆ. ಬನ್ನಿ.”

ಒಂಬತ್ತು ಹತ್ತು ವರ್ಷದ ಹುಡುಗಿಗೆ, ತಾನು ಎತ್ತಿ ಆಡಿಸಿದ ಕೂಸಿಗೆ, ‘ಬನ್ನಿ’ ಎಂದಳು. ಹಿರಿಯರು ಅದನ್ನು ತಮಾಷೆಯೆಂದು ತಿಳಿದು ನಕ್ಕರು. ತಮಾಷೆಯಾಗಿರಲಿಲ್ಲ. ಅಲ್ಲಿಂದಾಚೆಗೆ ಅವಳು ನನ್ನನ್ನು ಕೂಸೇ ಎನ್ನಲಿಲ್ಲ. ಜಡೆ ಹೆಣೆಯುವಾಗ ‘ತಲೆ ಬಗ್ಗುಸಿ’, ಜ್ವರ ಬಂದಾಗ ‘ಕಸಾಯ ಕುಡೀರಿ’, ನಾನು ಮೈಸೂರಿಗೆ ಓದಲು ಹೊರಟಾಗ ‘ಹೋಗ್ಬನ್ನಿ’. ಒರಟಾಗಿ ಎಂದೂ ಮಾತಾಡಲಿಲ್ಲ. ಓದುಬರಹದವರಿಗೆ ಕೊಡಬೇಕಾದ ಮರ್ಯಾದೆಯನ್ನು ನನಗೂ ಕೊಟ್ಟಳು. ಅಪ್ಪನಿಗೆ ಕೊಟ್ಟದ್ದಕ್ಕಿಂತ ಹೆಚ್ಚಾಗಿಯೇ ಕೊಟ್ಟಳು. ದಿನವೂ ಆ ಚಪ್ಪಡಿಯನ್ನು ದಾಟಿ ಹೋಗಿ, ತನ್ನದಲ್ಲದ ಹೊಲವನ್ನು ಮೈ ಸೋಲುವ ತನಕ ಬೆಳೆದಳು. ಅವಳು ತೀರಿಕೊಂಡಾಗ ನಾನು ಪ್ರಾಚೀನ ಕಾಲದ ಕಲ್ಲುಸಾಗಣೆಯ ಬಗ್ಗೆ ನನ್ನ ಮೊದಲ ಪ್ರಬಂಧ ಮಂಡಿಸಲು ದೂರದ ಊರಿಗೆ ಹೋಗಿದ್ದೆ.

ಆ ಪ್ರಬಂಧದಲ್ಲಿ ಈಜಿಪ್ಟಿನ ಆ ಚಿತ್ರದ ಪ್ರಸ್ತಾಪವಿದೆ. ‘ನೀರು ಸುರಿಯುತ್ತಿರುವುದು ಧಾರ್ಮಿಕ ವಿಧಿಯೆಂಬುದರಲ್ಲಿ ಸಂದೇಹವಿಲ್ಲ’ ಎಂದು ಬರೆದಿದ್ದೇನೆ. ಅಡಿಟಿಪ್ಪಣಿಯಲ್ಲಿ ಆಧಾರಗಳನ್ನು ಕೊಟ್ಟಿದ್ದೇನೆ, ಎಲ್ಲವೂ ಪುಸ್ತಕಗಳು. ಒಣ ಮರಳಿನಲ್ಲಿ ಬಂಡಿಯ ಮುಂದೆ ಮರಳು ಗುಡ್ಡೆಗಟ್ಟಿ ತಡೆಯುತ್ತದೆಂದೂ, ಹದವಾಗಿ ತೋಯ್ದರೆ ಅದು ಬಿಗಿಯಾಗಿ ಬಂಡಿ ಸಲೀಸಾಗಿ ಜಾರುತ್ತದೆಂದೂ, ನೀರು ಹೆಚ್ಚಾದರೆ ಮತ್ತೆ ಕಚ್ಚಿಕೊಳ್ಳುತ್ತದೆಂದೂ ಭೌತವಿಜ್ಞಾನಿಗಳು ಪ್ರಯೋಗ ಮಾಡಿ ಪ್ರಕಟಿಸಿದ್ದು ಬಹಳ ಈಚೆಗೆ. ಅದನ್ನು ಓದಿದ ದಿನ ನಾನು ಟ್ರಂಕಿನಿಂದ ಆ ನೋಟುಬುಕ್ಕು ತೆಗೆದು, ಕಿಟಕಿಯ ಓರೆ ಬೆಳಕಿಗೆ ಹಿಡಿದೆ. ಉಜ್ಜಿದ ಅಕ್ಷರಗಳ ಒತ್ತು ಕಾಗದದಲ್ಲಿ ಉಳಿದಿತ್ತು, ವಾಕ್ಯವನ್ನು ಓದಬಹುದು. ಗಡಿಗೆಗಳ ಲೆಕ್ಕ ಮಾತ್ರ ತಿಳಿಯುವುದಿಲ್ಲ. ಪ್ರಬಂಧ ಪ್ರಕಟವಾಗಿದ್ದ ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಒಂದು ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ನಾಲ್ಕು ಸಾಲು ಹಾಕಿದರು. ಅತ್ತೆಯ ಹೆಸರನ್ನು ಬರೆದಿದ್ದೆ. ಆಧಾರ ಲಿಖಿತವಾಗಿಲ್ಲವೆಂದು ಅದನ್ನು ಕೈಬಿಟ್ಟಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ, ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕೆಂಬ ಕಾನೂನಿನ ಪ್ರಕಾರ, ನನ್ನ ತಮ್ಮಂದಿರು ನನಗೆ ಒಂದು ತುಂಡು ನೆಲ ಬಿಟ್ಟುಕೊಟ್ಟರು. ನೀರಾವರಿ ಜಮೀನು ಕೊಡಲು ಅವರಿಗೆ ಮನಸ್ಸಿರಲಿಲ್ಲ. ಕೊಟ್ಟದ್ದು ಕಾಲುವೆಯಾಚೆಯ ಹತ್ತು ಗುಂಟೆ. ಬೇಡವೆನ್ನಲಿಲ್ಲ, ಸಹಿ ಹಾಕಿ ತೆಗೆದುಕೊಂಡೆ. ಕಳೆದ ತಿಂಗಳು ಬಿಳಿಕೆರೆಯ ಮೇಲೆ ಬಸ್ಸಿನಲ್ಲಿ ಹೋಗಿ ನೋಡಿಬಂದೆ. ಕಾಲುವೆಗೆ ಸಿಮೆಂಟು ಹಾಕಿದ್ದಾರೆ, ಚಪ್ಪಡಿಯನ್ನು ಅಲುಗಿಸಿಲ್ಲ. ಅದರ ಮೇಲೆ ಈಗ ಬೈಕು ಹೋಗುತ್ತದೆ. ಬರುವಾಗ ನಾಡಕಚೇರಿಯಲ್ಲಿ ಪಹಣಿ ತೆಗೆಸಿದೆ. ಖಾತೆದಾರರ ಕಲಮಿನಲ್ಲಿ ನನ್ನ ಹೆಸರಿದೆ. ಅಭ್ಯಾಸಬಲದಿಂದ ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿ ನೋಡಿದೆ. ಕಾಗದ ಎಲ್ಲ ಕಡೆಯೂ ಒಂದೇ ದಪ್ಪವಾಗಿದೆ. ಕಂಪ್ಯೂಟರಿನಲ್ಲಿ ಮುದ್ರಿತವಾದ ಆ ಹಾಳೆಯಲ್ಲಿ ಒಂದಕ್ಷರವೂ ಸೊಟ್ಟಗಿಲ್ಲ.